ಗೆಳತಿಯ ಮಗುವಿನ ಬಟ್ಟಲು



ಇಂದಿನ ಮಾತಿನ ವಿಷಯ ನೋಡುವುದಕ್ಕೆ ಬಹಳ ಸಣ್ಣದು. ಎಂಟು ತಿಂಗಳ ಒಂದು ಮಗು, ಅದರ ಬಾಯಿಗೆ ಹೋಗುತ್ತಿರುವ, ಹಾಲಿನಲ್ಲಿ ಅದ್ದಿದ ಸಿಹಿ ಬಿಸ್ಕತ್ತು, ಅದನ್ನು ನೋಡಿ ಹುಬ್ಬು ಗಂಟಿಕ್ಕಿದ ಒಬ್ಬ ಗೆಳತಿ. ದೃಶ್ಯ ಕಲ್ಪಿತವೇ, ಆದರೆ ವಾಯವ್ಯ ಲಂಡನ್ನಿನ ಯಾವ ಕನ್ನಡ ಮನೆಯಲ್ಲಾದರೂ ನಡೆಯಬಹುದಾದದ್ದು. ಸ್ಥಳ ಕಿಂಗ್ಸ್‌ಬರಿ ಎಂದಿಟ್ಟುಕೊಳ್ಳಬಹುದು. ಜುಬಿಲಿ ಲೈನಿನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಕಿಂಗ್ಸ್‌ಬರಿ ರಸ್ತೆ. ಗುಜರಾತಿಗಳ ತರಕಾರಿ ಅಂಗಡಿಗಳು, ಶ್ರೀಲಂಕಾ ತಮಿಳರ ದಿನಸಿ ಅಂಗಡಿಗಳು. ಅಲ್ಲಿ ‘ಕುರಕ್ಕನ್’ ಎಂಬ ಹೆಸರಿನಲ್ಲಿ ಸಿಗುವ ಹಿಟ್ಟು ರಾಗಿಯೇ ಎಂಬುದು ಹೊಸದಾಗಿ ಬಂದ ಕನ್ನಡಿಗರಿಗೆ ಎಷ್ಟೋ ದಿನ ಗೊತ್ತಾಗುವುದಿಲ್ಲ.

“ಏನೇ ಇದು, ಇಷ್ಟು ಸಣ್ಣ ಮಗುವಿಗೆ ಬಿಸ್ಕತ್ತು ಅದ್ದಿ ಕೊಡ್ತಿದ್ದೀಯಲ್ಲ?” ಎಂದು ಗೆಳತಿ ಕೇಳುತ್ತಾಳೆ. “ತಿನ್ನಲಿ ಬಿಡೇ, ಇದನ್ನಾದರೂ ತಿನ್ನುತ್ತಲ್ಲ” ಎಂದು ತಾಯಿ ಉತ್ತರಿಸುತ್ತಾಳೆ. ಮೇಜಿನ ಮೇಲೆ ಊರಿನಿಂದ ಬಂದವರ ಸೂಟ್‌ಕೇಸಿನಲ್ಲಿ ಬಂದಿಳಿದ ಸೆರೆಲ್ಯಾಕ್ ಡಬ್ಬಿ, ಪಕ್ಕದಲ್ಲಿ ಗ್ರೈಪ್ ವಾಟರ್ ಸೀಸೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ರಾತ್ರಿ ಗೆಳತಿ ತನ್ನ ಗಂಡನಿಗೆ ಹೇಳುತ್ತಾಳೆ: “ಓದಿದವಳು, ನರ್ಸಿಂಗ್ ಮಾಡಿದವಳು. ಅವಳೇ ಹೀಗೆ ಮಾಡಿದರೆ?” ಮುಂದಿನ ವಾರದ ಹೊತ್ತಿಗೆ ಈ ಮಾತು ಇನ್ನೂ ಮೂರು ಮನೆಗಳಲ್ಲಿ ಓಡಾಡಿರುತ್ತದೆ.

ಈ ತೀರ್ಪು ಸರಿಯೇ ತಪ್ಪೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಪ್ರಗತಿಪರರ ಸಭೆಗಳಲ್ಲಿ ಒಂದು ಅಭ್ಯಾಸವಿದೆ: ಬಡವರ, ವಲಸಿಗರ ತಟ್ಟೆಯ ಮಾತು ಬಂದೊಡನೆ ‘ಅದು ಅವರವರ ಸಂಸ್ಕೃತಿ’ ಎಂದು ಕೈತೊಳೆದುಕೊಳ್ಳುವುದು. ಮಗುವಿನ ಹಲ್ಲಿಗೆ ಸಂಸ್ಕೃತಿ ತಿಳಿಯದು. ಒಂದು ವರ್ಷ ತುಂಬದ ಮಗುವಿಗೆ ದಿನಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು, ಸಕ್ಕರೆ ಬೇಡ, ಜೇನುತುಪ್ಪ ಸರ್ವಥಾ ಕೂಡದು ಎನ್ನುತ್ತದೆ ಬ್ರಿಟನ್ನಿನ ಎನ್‌ಎಚ್‌ಎಸ್. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸಿನ ನಾಲಿಗೆಗೆ ಮೊದಲು ಮುಟ್ಟಿಸುವುದೇ ಜೇನು, ಆಮೇಲೆ ತೇಯ್ದ ಬಜೆ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳನ್ನು ಎಳೆಗೂಸಿನ ಕರುಳು ತಡೆಯಲಾರದು ಎಂಬುದು ವೈದ್ಯಕೀಯ ಸತ್ಯ; ಅಜ್ಜಿಯ ಮೇಲಿನ ಗೌರವಕ್ಕಾಗಿ ಅದನ್ನು ಮರೆಮಾಚಬೇಕಾಗಿಲ್ಲ. ಕಿಂಗ್ಸ್‌ಬರಿ ಸೇರಿರುವ ಬ್ರೆಂಟ್ ಬರೋ ಐದು ವರ್ಷದ ಮಕ್ಕಳಲ್ಲಿ ಹುಳುಕು ಹಲ್ಲು ಅತಿ ಹೆಚ್ಚಾಗಿರುವ ಇಂಗ್ಲೆಂಡಿನ ಪ್ರದೇಶಗಳಲ್ಲೊಂದು.

ಸಕ್ಕರೆಯ ವಿಷಯದಲ್ಲಿ ಈ ದೇಶದ ಚರಿತ್ರೆಯೇ ಒಂದು ಪ್ರಯೋಗಶಾಲೆಯಾಗಿದೆ. ಎರಡನೆಯ ಮಹಾಯುದ್ಧದ ಕಾಲದ ಸಕ್ಕರೆ ಪಡಿತರ ಕೊನೆಗೊಂಡದ್ದು 1953ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಮತ್ತು ಸ್ವಲ್ಪ ನಂತರ ಹುಟ್ಟಿದವರ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭದಲ್ಲಿದ್ದಾಗ ಹಾಗೂ ಮೊದಲ ಎರಡು ವರ್ಷ ಪಡಿತರದ ಮಿತಿಯಲ್ಲಿ ಬೆಳೆದವರಿಗೆ ಮುಂದೆ ಮಧುಮೇಹ ಬರುವ ಸಂಭವ ಸುಮಾರು 35 ಪ್ರತಿಶತ ಕಡಿಮೆ, ರಕ್ತದೊತ್ತಡದ ಸಂಭವ ಸುಮಾರು 20 ಪ್ರತಿಶತ ಕಡಿಮೆ ಎಂದು ಅದು ಕಂಡುಕೊಂಡಿತು. ಮಧುಮೇಹ ಮನೆಮನೆಯ ನೆಂಟನಾಗಿರುವ ಸಮುದಾಯಕ್ಕೆ ಇದು ಕಡೆಗಣಿಸುವ ಮಾತಲ್ಲ.

ಹಾಗಾದರೆ ಗೆಳತಿಯ ತೀರ್ಪು ಸರಿಯಾಯಿತಲ್ಲವೇ? ಬಿಸ್ಕತ್ತಿನ ಮಟ್ಟಿಗೆ ಸರಿ. ಆದರೆ ಆಕೆಯ ಸ್ವಂತ ಕೈಚೀಲವನ್ನು ತೆರೆದು ನೋಡಬೇಕು. ಅದರಲ್ಲಿ ಸೇಬು, ಮಾವು, ಪಾಲಕ್ ರುಬ್ಬಿ ತುಂಬಿದ ‘ಆರ್ಗ್ಯಾನಿಕ್’ ಪೌಚುಗಳಿರುತ್ತವೆ, ಒಂದೊಂದರ ಬೆಲೆ ಆ ಬಿಸ್ಕತ್ತಿನ ಇಡೀ ಪೊಟ್ಟಣಕ್ಕಿಂತ ಹೆಚ್ಚು. ಹಣ್ಣನ್ನು ನುಣ್ಣಗೆ ರುಬ್ಬಿದಾಗ ಅದರ ಜೀವಕೋಶಗಳೊಳಗೆ ಬಂಧಿಯಾಗಿದ್ದ ಸಕ್ಕರೆ ಬಿಡುಗಡೆಯಾಗುತ್ತದೆ. ಬ್ರಿಟಿಷ್ ಪೋಷಣಾ ತಜ್ಞರ ಲೆಕ್ಕದಲ್ಲಿ ಅದು ಜೇನು, ಬೆಲ್ಲಗಳ ಸಾಲಿಗೇ ಸೇರಿದ ಸಕ್ಕರೆ. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನಲ್ಲಿ ಮಾರಾಟವಾಗುವ 600ಕ್ಕೂ ಹೆಚ್ಚು ಶಿಶು ಆಹಾರಗಳನ್ನು ಪರಿಶೀಲಿಸಿ 2025ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರ ತಯಾರಕರಿಗೆ ಸಕ್ಕರೆ, ಉಪ್ಪು ತಗ್ಗಿಸಲು ಹದಿನೆಂಟು ತಿಂಗಳ ಗಡುವು ಕೊಟ್ಟಿತು, ಅದೂ ಸ್ವಯಂಪ್ರೇರಿತವಾಗಿ! ಪೌಚು ಶಿಕ್ಷಿತರ ತಿಂಡಿ, ಬಿಸ್ಕತ್ತು ಅಶಿಕ್ಷಿತರದು ಎಂಬ ಭಾವನೆ ಎರಡನ್ನೂ ಮಾರುವವರಿಗೆ ಅನುಕೂಲಕರ.

ಸೆರೆಲ್ಯಾಕ್ ಡಬ್ಬಿಯ ಕಥೆ ಇದಕ್ಕಿಂತ ಕಟು. 2024ರ ಏಪ್ರಿಲಿನಲ್ಲಿ ಸ್ವಿಟ್ಜರ್ಲೆಂಡಿನ ‘ಪಬ್ಲಿಕ್ ಐ’ ಸಂಸ್ಥೆ ಒಂದು ವರದಿ ಹೊರತಂದಿತು. ಭಾರತದಲ್ಲಿ ಪರೀಕ್ಷಿಸಿದ ಎಲ್ಲ ಸೆರೆಲ್ಯಾಕ್ ಬಗೆಗಳಲ್ಲೂ ಸಕ್ಕರೆ ಸೇರಿಸಲಾಗಿತ್ತು, ಒಂದು ಬಾರಿಯ ಊಟಕ್ಕೆ ಸರಾಸರಿ ಮೂರು ಗ್ರಾಮಿಗೆ ಹತ್ತಿರ. ಬ್ರಿಟನ್ ಮತ್ತು ಜರ್ಮನಿಯಲ್ಲಿ ನೆಸ್ಲೆ ಮಾರುವ ಅದೇ ಬಗೆಯ ಆಹಾರದಲ್ಲಿ ಸೇರಿಸಿದ ಸಕ್ಕರೆ ಇರಲಿಲ್ಲ. ಗದ್ದಲವೆದ್ದ ಮೇಲೆ ಭಾರತದಲ್ಲೂ ಸಕ್ಕರೆಯಿಲ್ಲದ ಬಗೆಗಳನ್ನು ತರುವುದಾಗಿ ಕಂಪನಿ ಪ್ರಕಟಿಸಿತು. ಬೆಂಗಳೂರಿನ ಅಜ್ಜಿ ಲಂಡನ್ನಿನ ಮೊಮ್ಮಗುವಿಗೆಂದು ಪ್ರೀತಿಯಿಂದ ಸೂಟ್‌ಕೇಸಿನಲ್ಲಿಟ್ಟು ಕಳಿಸುವ ಡಬ್ಬಿ, ಈ ದೇಶದ ಮಕ್ಕಳಿಗೆ ಕಂಪನಿಯೇ ಕೊಡದ ಸಕ್ಕರೆಯನ್ನು ಹೊತ್ತು ಹೀಥ್ರೋದಲ್ಲಿ ಇಳಿಯುತ್ತಿತ್ತು.

ಈ ಚರಿತ್ರೆಗೆ ಲಂಡನ್ ಹೊಸದಲ್ಲ. ಜಮೈಕಾದಲ್ಲಿ ಹುಟ್ಟಿದ ಬ್ರಿಟಿಷ್ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಾಪುರದ ರೋಟರಿ ಕ್ಲಬ್ಬಿನಲ್ಲಿ ಮಾಡಿದ ಭಾಷಣದ ಶೀರ್ಷಿಕೆ ‘ಹಾಲು ಮತ್ತು ಕೊಲೆ’. ಸಿಹಿ ಕಂಡೆನ್ಸ್ಡ್ ಹಾಲನ್ನು ಶಿಶು ಆಹಾರವೆಂದು ಪ್ರಚಾರ ಮಾಡುವವರನ್ನು ಆಕೆ ಆರೋಪಿಗಳೆಂದರು; ಆ ಹಾಲು ಕುಡಿಸಿದ ತಾಯಂದಿರನ್ನಲ್ಲ. 1974ರಲ್ಲಿ ಲಂಡನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ ‘ದ ಬೇಬಿ ಕಿಲ್ಲರ್’ ಎಂಬ ಕಿರುಹೊತ್ತಿಗೆ ತಂದಿತು. ಅಲ್ಲಿಂದ ಬೆಳೆದ ಹೋರಾಟದ ಫಲವಾಗಿ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ, 1992ರಲ್ಲಿ ಭಾರತದ ಶಿಶು ಆಹಾರ ಕಾಯಿದೆ ಬಂದವು. ಗೆಳತಿಯ ಹುಬ್ಬು ಗಂಟಿಕ್ಕಿದಾಗ ಈ ಅರ್ಧ ಶತಮಾನದ ಜಗಳ ಮರೆತುಹೋಗಿ, ಕಟಕಟೆಯಲ್ಲಿ ಮತ್ತೆ ತಾಯಿಯೊಬ್ಬಳೇ ಉಳಿಯುತ್ತಾಳೆ.

ತಾಯಿಯನ್ನು ಕಟಕಟೆಗೆ ತರುವ ಕೆಲಸವನ್ನು ಈ ದೇಶದ ಸರ್ಕಾರವೂ ಮಾಡಿದೆ. 1960–70ರ ದಶಕಗಳಲ್ಲಿ ಬ್ರಿಟನ್ನಿನ ಏಷ್ಯನ್ ಮಕ್ಕಳಲ್ಲಿ ರಿಕೆಟ್ಸ್, ಅಂದರೆ ಮೂಳೆ ಮೆದುವಾಗಿ ಕಾಲು ಬಾಗುವ ಕಾಯಿಲೆ ಕಾಣಿಸಿಕೊಂಡಿತು. ಕಾರಣ ವಿಟಮಿನ್ ಡಿ ಕೊರತೆ. 1981ರಲ್ಲಿ ‘ಸ್ಟಾಪ್ ರಿಕೆಟ್ಸ್’ ಆಂದೋಲನ ಆರಂಭವಾಯಿತು. ಏಷ್ಯನ್ನರ ಊಟ, ಉಡುಗೆ, ಮೈಗೆ ಬಿಸಿಲು ತಾಗಿಸದ ರೂಢಿ ಇವೇ ದೋಷಗಳೆಂಬಂತೆ ತಿಳಿವಳಿಕೆ ಹೇಳಲಾಯಿತು. ಆಗ ವಿಮರ್ಶಕರು ಒಂದು ಸರಳ ಪ್ರಶ್ನೆ ಕೇಳಿದರು. ಇದೇ ಕಾಯಿಲೆ ಒಂದು ಕಾಲಕ್ಕೆ ಇಂಗ್ಲೆಂಡಿನ ಬಡ ಬಿಳಿಯ ಮಕ್ಕಳಲ್ಲಿ ತುಂಬಿತ್ತಲ್ಲ, ಆಗೇನು ಮಾಡಿದಿರಿ? ಇಂಗ್ಲಿಷ್ ತಾಯಂದಿರಿಗೆ ಅವರ ಸಂಸ್ಕೃತಿ ಬಿಡಲು ಹೇಳಲಿಲ್ಲ. ಯುದ್ಧಕಾಲದಲ್ಲಿ ಮಾರ್ಗರೀನಿಗೆ ವಿಟಮಿನ್ ಡಿ ಬೆರೆಸಿದಿರಿ, ಮಕ್ಕಳಿಗೆ ಕಾಡ್ ಲಿವರ್ ಎಣ್ಣೆ ಹಂಚಿದಿರಿ. ಚಪಾತಿ ಹಿಟ್ಟಿಗೂ ಅದನ್ನೇ ಬೆರೆಸಿ ಎಂಬ ಸಲಹೆ ಮಾತ್ರ ಒಪ್ಪಿಗೆಯಾಗಲಿಲ್ಲ. ಗ್ಲಾಸ್ಗೋದಲ್ಲಿ 1979ರಿಂದ ವಿಟಮಿನ್ ಡಿಯನ್ನು ಬಿಟ್ಟಿಯಾಗಿ ಹಂಚತೊಡಗಿದ ಮೇಲೆ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಇಳಿಯಿತು. ಅಲ್ಲಿ ಯಾರೂ ಸೀರೆ ಬಿಡಬೇಕಾಗಲಿಲ್ಲ. ಅದೇ 1981ರಲ್ಲಿ ಕಪ್ಪುವರ್ಣೀಯರು ಮತ್ತು ಆರೋಗ್ಯಸೇವೆ ಕುರಿತು ವರದಿ ಪ್ರಕಟಿಸಿದ ಸಂಸ್ಥೆ ಬ್ರೆಂಟ್ ಕಮ್ಯುನಿಟಿ ಹೆಲ್ತ್ ಕೌನ್ಸಿಲ್, ಅಂದರೆ ಕಿಂಗ್ಸ್‌ಬರಿಯದೇ ಬರೋ. ಗೆಳತಿ ಮನೆಗೆ ನಡೆದು ಹೋಗುವ ಬೀದಿಗಳಿಗೆ ಈ ವಾದ ಹಳೆಯ ಪರಿಚಯ.

ಇನ್ನು ಕನ್ನಡಿಗರ ಸ್ವಂತ ಕಟಕಟೆ. ಯಾವುದು ‘ಒಳ್ಳೆಯ ಊಟ’ ಎಂಬ ಮಾತಿನ ಹಿಂದೆ ಯಾರ ಊಟ ಎಂಬ ಪ್ರಶ್ನೆ ಕನ್ನಡದಲ್ಲಿ ಕನಕದಾಸರಷ್ಟು ಹಳೆಯದು. ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ, ರಾಗಿಗಳು ನಾನು ಹೆಚ್ಚು ತಾನು ಹೆಚ್ಚೆಂದು ಜಗಳವಾಡುತ್ತವೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಗಟ್ಟಿಯಾಗಿ ಉಳಿಯುವುದು ರಾಗಿ. ತಮಾಷೆಯೆಂದರೆ ಒಂದು ಕಾಲಕ್ಕೆ ಒಕ್ಕಲು ಮಕ್ಕಳ ಹಿಟ್ಟು ಎನಿಸಿಕೊಂಡಿದ್ದ ರಾಗಿ ಈಗ ಲಂಡನ್ನಿನ ಕನ್ನಡ ಮನೆಗಳ ಹೆಮ್ಮೆ. ಹೆಮ್ಮೆಗೆ ಆಧಾರವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಸರಿಹಿಟ್ಟು ಪಕ್ಕಾ ಜೀವರಸಾಯನ ಶಾಸ್ತ್ರ. ಮೊಳಕೆಯೊಡೆದಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕರಗಿಸುವುದರಿಂದ ಗಂಜಿ ತೆಳ್ಳಗಾಗುತ್ತದೆ, ಮುಷ್ಟಿಯಷ್ಟು ಹೊಟ್ಟೆಯ ಮಗುವಿಗೆ ಹೆಚ್ಚು ಹಿಟ್ಟನ್ನು ಕುಡಿಸಬಹುದಾಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಇದೇ ಕಾರಣಕ್ಕೆ. ಅದೇ ಸಂಸ್ಥೆ 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದು ಅಮುಲ್‌ಗೆ ದಾರಿ ಮಾಡಿಕೊಟ್ಟಿತ್ತು.

ಆದರೆ ರಾಗಿಯನ್ನು ಎತ್ತಿ ಹಿಡಿಯುವ ಅದೇ ಬಾಯಿ ಮೊಟ್ಟೆಯ ಮಾತು ಬಂದಾಗ ಬೇರೆ ರಾಗ ಹಾಡುತ್ತದೆ. ಆರು ತಿಂಗಳ ಹೊತ್ತಿಗೆ ಮಗು ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಕರಗುತ್ತದೆ. ಆಗ ಮೊಟ್ಟೆ, ಮಾಂಸ, ಮೀನು, ಬೇಳೆ ಕೊಡಿ ಎನ್ನುತ್ತಾರೆ ತಜ್ಞರು. ಕನ್ನಡ ಕೂಟದ ಪಂಕ್ತಿಯಲ್ಲಿ ಮಗುವಿಗೆ ಮೊಟ್ಟೆ ಕಿವುಚಿ ಉಣಿಸುವ ತಾಯಿಯ ಕಡೆಗೂ ಹುಬ್ಬು ಗಂಟಿಕ್ಕುತ್ತದೆ. ‘ಇಷ್ಟು ಸಣ್ಣ ಮಗುವಿಗೆ ಉಷ್ಣ’ ಎಂಬ ಮಾತಿನಲ್ಲಿ ಅಡಗಿರುವುದು ವೈದ್ಯವಲ್ಲ, ಜಾತಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಎತ್ತಿದ ಆಕ್ಷೇಪ ನೆನಪಿರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದ ರಾಜ್ಯದಲ್ಲಿ ಆ ಚರ್ಚೆ ನಡೆಯಿತು.

ಮತ್ತೆ ಕಿಂಗ್ಸ್‌ಬರಿಯ ಮನೆಗೆ. ಆ ತಾಯಿ ಕೇರ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವವಳು, ಗಂಡ ಗೋದಾಮಿನಲ್ಲಿ ಹಗಲು ದುಡಿಯುವವನು ಎಂದುಕೊಳ್ಳಬಹುದು. ಬಾಣಂತನಕ್ಕೆಂದು ಹಾಸನದಿಂದ ಬಂದ ಅಮ್ಮನ ಪ್ರವಾಸಿ ವೀಸಾ ಹೆಚ್ಚೆಂದರೆ ಆರು ತಿಂಗಳು. ಮಗುವಿಗೆ ಗಟ್ಟಿ ಆಹಾರ ಶುರುಮಾಡಬೇಕಾದ್ದೂ ಸುಮಾರು ಆರು ತಿಂಗಳಿಗೆ. ಹೆರಿಗೆಯ ಹೊತ್ತಿಗೆ ಬಂದ ಅಜ್ಜಿ, ರಾಗಿ ನೆನೆಹಾಕಿ ಸರಿಹಿಟ್ಟು ಮಾಡಬಲ್ಲ ಏಕೈಕ ಕೈ, ಮೊಮ್ಮಗು ಬಾಯಿ ತೆರೆಯುವ ವಾರವೇ ವಿಮಾನ ಹತ್ತಬೇಕು. 2012ರಲ್ಲಿ ಬಿಗಿಗೊಂಡ ನಿಯಮಗಳ ನಂತರ ವಯಸ್ಸಾದ ತಂದೆತಾಯಿಯನ್ನು ಇಲ್ಲಿ ನೆಲೆಗೊಳಿಸುವುದು ದುಸ್ಸಾಧ್ಯ.

ಈ ದಂಪತಿಯ ವೀಸಾದ ಮೇಲೆ ‘ಸಾರ್ವಜನಿಕ ನಿಧಿಯ ನೆರವಿಲ್ಲ’ ಎಂಬ ಷರತ್ತಿದೆ. ಕಡಿಮೆ ಆದಾಯದವರಿಗೆ ಹಾಲು, ಹಣ್ಣು, ತರಕಾರಿ ಕೊಳ್ಳಲು ನೆರವಾಗುವ ‘ಹೆಲ್ದಿ ಸ್ಟಾರ್ಟ್’ ಯೋಜನೆ ಸರ್ಕಾರಿ ಭತ್ಯೆಗಳಿಗೆ ಗಂಟುಬಿದ್ದಿರುವುದರಿಂದ ಅವರಿಗೆ ದಕ್ಕದು. ಮಗು ಬ್ರಿಟಿಷ್ ಪ್ರಜೆಯಾಗಿದ್ದರೆ ಅಂಥವರಿಗೂ ಕೆಲವು ರಿಯಾಯಿತಿಯುಂಟು. ಆದರೆ ತಂದೆತಾಯಿಗಳಲ್ಲಿ ಒಬ್ಬರಿಗಾದರೂ ಪೌರತ್ವವೋ ಕಾಯಂ ನೆಲೆಯೋ ಇಲ್ಲದಿದ್ದರೆ ಲಂಡನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಆಗುವುದಿಲ್ಲ, 1983ರಿಂದ. ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ದುಡಿಯುವ ತಂದೆತಾಯಿಗಳ ಪರವಾಗಿ ಸರ್ಕಾರ 2025ರ ಸೆಪ್ಟೆಂಬರಿನಿಂದ ಶಾಲಾ ಅವಧಿಯಲ್ಲಿ ವಾರಕ್ಕೆ 30 ಗಂಟೆಯ ಶಿಶುವಿಹಾರದ ವೆಚ್ಚ ಭರಿಸುತ್ತದೆ. ಇಬ್ಬರ ವೀಸಾಗಳ ಮೇಲೂ ಆ ಷರತ್ತಿದ್ದರೆ, ಇಬ್ಬರೂ ದುಡಿದು ತೆರಿಗೆ ಕಟ್ಟುತ್ತಿದ್ದರೂ, ಅದೂ ಇಲ್ಲ. ಗೆಳತಿಯ ಮಗು ಶಿಶುವಿಹಾರದಲ್ಲಿ ಬೇರೆಯವರು ಬೇಯಿಸಿದ ಬಿಸಿ ಊಟ ಉಣ್ಣುವ ಹೊತ್ತಿನಲ್ಲಿ, ಈ ಮಗುವಿನ ಪಕ್ಕದಲ್ಲಿ ರಾತ್ರಿಯಿಡೀ ಬೇರೆಯವರ ವೃದ್ಧ ತಂದೆತಾಯಿಗೆ ಚಮಚದಿಂದ ಉಣಿಸಿ ಬಂದ ತಾಯಿ ಕಣ್ಣು ಬಿಟ್ಟುಕೊಂಡಿರಲು ಹೆಣಗುತ್ತಿರುತ್ತಾಳೆ. ಬಿಸ್ಕತ್ತು ಹಾಲಿನಲ್ಲಿ ನೆನೆಯಲು ಅರ್ಧ ನಿಮಿಷ ಸಾಕು.

ಆಕೆ ಓದಿದವಳೆಂದು ಗೆಳತಿ ಹೇಳಿದ್ದು ನಿಜ. ಉಪ್ಪು, ಸಕ್ಕರೆಯ ಲೆಕ್ಕ ಆಕೆಗೆ ಗೆಳತಿಗಿಂತ ಚೆನ್ನಾಗಿ ಗೊತ್ತಿದ್ದೀತು. ಮಗುವಿನ ಕೆಂಪು ಪುಸ್ತಕದಲ್ಲಿ ತೂಕ ಬರೆಸುವಾಗ ಹೆಲ್ತ್ ವಿಸಿಟರ್ ಕೇಳುವ ಪ್ರಶ್ನೆಗೆ ಏನು ಉತ್ತರಿಸಬೇಕೆಂಬುದೂ ಗೊತ್ತು. ಆಕೆ ಮುಂದಿನ ಸಲ ಗೆಳತಿ ಬಾಗಿಲು ತಟ್ಟಿದಾಗ ಬಿಸ್ಕತ್ತಿನ ಪೊಟ್ಟಣವನ್ನು ಮೇಲಿನ ಕಪಾಟಿಗೆ ಸರಿಸುತ್ತಾಳೆ, ಅಷ್ಟೇ. ತೀರ್ಪಿನಿಂದ ಮಗುವಿನ ಹೊಟ್ಟೆಯಲ್ಲಿ ಬದಲಾವಣೆಯಾಗುವುದಿಲ್ಲ, ಆ ಮನೆಯಲ್ಲಿ ಗೆಳತಿಗೆ ಕಾಣುವುದು ಬದಲಾಗುತ್ತದೆ.

ಗೆಳತಿಗೆ ಶನಿವಾರ ರಜೆ. ಕಿಂಗ್ಸ್‌ಬರಿ ರಸ್ತೆಯ ತಮಿಳರ ಅಂಗಡಿಯಲ್ಲಿ ಕುರಕ್ಕನ್ ಹಿಟ್ಟಿದೆ, ಮೊಟ್ಟೆಯಿದೆ, ತೊಗರಿಬೇಳೆಯಿದೆ. ಮಗುವನ್ನು ಎತ್ತಿಕೊಂಡು ರೋ ಗ್ರೀನ್ ಪಾರ್ಕಿಗೆ ಎರಡು ಗಂಟೆ ಹೋಗಿಬಂದರೆ ಅಷ್ಟು ಹೊತ್ತು ತಾಯಿಗೆ ನಿದ್ದೆ. ಹೋಗುವ ಮುನ್ನ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯೂ ಬೇರೆ: “ನೀನು ಊಟ ಮಾಡಿದೆಯೇನೇ?”