ಕಾಲು ತೊಳೆದ ಗುರುವಿನ ಶಿಷ್ಯರು



ಗುರು ಎಂದರೇನು, ಶಿಷ್ಯ ಎಂದರೇನು ಎಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿಗಂಬರ ಮುನಿಪರಂಪರೆಗೆ ಕಳೆದ ಶತಮಾನದಲ್ಲಿ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಭೋಜ ಗ್ರಾಮದವರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು, ಆಚಾರ್ಯ ವಿದ್ಯಾಸಾಗರರು ಸದಲಗಾದವರು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಅವರ ಹೆಸರೆತ್ತಿದರೆ ಈಗಲೂ ಹಿರಿಯರು ಕೂತಲ್ಲೇ ಕೈ ಮುಗಿಯುತ್ತಾರೆ. ಗುರುವಿನ ಒಂದು ಮಾತಿಗೆ ಮನೆ, ಹೊಲ, ಬಂಧುಬಳಗ ಎಲ್ಲವನ್ನೂ ಬಿಟ್ಟು ಎದ್ದು ನಡೆದವರ ನಾಡು ಇದು.

ಇದೇ ಕೃಷ್ಣೆಯ ದಂಡೆಯಲ್ಲಿ, ಇದೇ ದೂಧಗಂಗೆ ವೇದಗಂಗೆಯ ನೀರು ಕುಡಿದು ಬದುಕುವ ಇನ್ನೊಂದು ಪುಟ್ಟ ಸಮುದಾಯವೂ ಉಂಟು. ಯೇಸುಸ್ವಾಮಿಯನ್ನು ಗುರುವೆಂದು ಹಿಡಿದವರ ಸಮುದಾಯ. ಇವರು ಕಾವಿ ಉಟ್ಟವರಲ್ಲ, ಊರು ಬಿಟ್ಟವರಲ್ಲ. ಕೂಲಿಗೆ ಹೋಗುತ್ತಾರೆ, ಶಾಲೆಯಲ್ಲಿ ಕಲಿಸುತ್ತಾರೆ, ದವಾಖಾನೆಯಲ್ಲಿ ನರ್ಸ್ ಆಗಿರುತ್ತಾರೆ, ಭಾನುವಾರ ಸಭೆಗೆ ಸೇರುತ್ತಾರೆ. ಹಾಗಾದರೆ ಇವರ ಶಿಷ್ಯತ್ವ ಎಲ್ಲಿ ಕಾಣಬೇಕು? ಕ್ರೈಸ್ತನಾದ ನಾನು ಇಂದು ಮಾತಾಡಬೇಕೆಂದಿರುವುದು ಈ ಪ್ರಶ್ನೆಯನ್ನು ಕುರಿತು.

ಉತ್ತರ ಹುಡುಕಲು ಒಂದು ರಾತ್ರಿಯ ಊಟಕ್ಕೆ ಹೋಗಬೇಕು. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಅದು. ಯೋಹಾನ ತನ್ನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಅದನ್ನು ಹೇಳುತ್ತಾನೆ. ಗುರು ಊಟದಿಂದ ಎದ್ದ. ಮೇಲುಹೊದಿಕೆ ತೆಗೆದಿಟ್ಟ. ಸೊಂಟಕ್ಕೊಂದು ವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದುಕೊಂಡು, ಒಬ್ಬೊಬ್ಬ ಶಿಷ್ಯನ ಕಾಲನ್ನೂ ತೊಳೆದು ಒರೆಸತೊಡಗಿದ. ಆ ನಾಡಿನಲ್ಲಿ ಧೂಳು ತುಂಬಿದ ಕಾಲು ತೊಳೆಯುವುದು ಮನೆಯ ಆಳಿನ ಕೆಲಸ. ಪೇತ್ರನಿಗೆ ಸಹಿಸಲಾಗಲಿಲ್ಲ, ಕಾಲು ಹಿಂದಕ್ಕೆಳೆದುಕೊಂಡ. ತೊಳೆಯಲು ಬಿಡದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂಬರ್ಥದ ಮಾತು ಹೇಳಿ ಗುರು ಅವನನ್ನು ಒಪ್ಪಿಸಿದ. ಹಣ ಪಡೆದು ಹಿಡಿದುಕೊಡಲು ಹೊರಟಿದ್ದ ಯೂದನೂ ಆ ಪಂಕ್ತಿಯಲ್ಲಿದ್ದ. ಅವನ ಕಾಲನ್ನೂ ಗುರು ತೊಳೆದ.

ಪೇತ್ರನ ಸಂಕಟ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಲಿಂಗಾಯತ ಮನೆಗೆ ಜಂಗಮರು ಬಂದರೆ ಮನೆಯವರು ಅವರ ಪಾದ ತೊಳೆದು, ಪೂಜಿಸಿ, ಪಾದೋದಕ ಸ್ವೀಕರಿಸುತ್ತಾರೆ. ಅಷ್ಟಾವರಣಗಳಲ್ಲಿ ಅದೂ ಒಂದು. ಮುನಿಗಳು ಆಹಾರಕ್ಕೆ ಬಂದಾಗ ಜೈನ ಶ್ರಾವಕರೂ ಮೊದಲು ಪಾದಪ್ರಕ್ಷಾಲನ ಮಾಡುತ್ತಾರೆ. ಶಿಷ್ಯ ಬಾಗುತ್ತಾನೆ, ಗುರು ಪಾದ ನೀಡುತ್ತಾನೆ. ಆ ಭಕ್ತಿಯಲ್ಲಿ ದೊಡ್ಡ ಸೌಂದರ್ಯವಿದೆ, ಅದರ ಬಗ್ಗೆ ನನಗೆ ಗೌರವವೂ ಇದೆ. ಆ ರಾತ್ರಿ ಯೇಸು ಮಾಡಿದ್ದು ಇದಕ್ಕೆ ತೀರ ತಿರುವು ಮುರುವು. ಗುರುವೇ ನೆಲಕ್ಕೆ ಕೂತ. ಅಷ್ಟಕ್ಕೇ ಬಿಡಲಿಲ್ಲ, ನಾನು ನಿಮಗೆ ಮಾಡಿದ್ದನ್ನು ನೀವು ಒಬ್ಬರಿಗೊಬ್ಬರು ಮಾಡಿರಿ ಎಂದು ಹೊಣೆ ಹೊರಿಸಿದ. ಗುರುವಿನ ಋಣವನ್ನು ಗುರುವಿಗೇ ತೀರಿಸುವ ದಾರಿ ಅಲ್ಲಿಗೆ ಮುಚ್ಚಿತು. ಆ ಋಣ ಇನ್ನೊಬ್ಬರ ಕಾಲಿನ ಬಳಿಯೇ ತೀರಬೇಕು.

ಪ್ರತಿವರ್ಷ ಪವಿತ್ರ ಗುರುವಾರ ಅನೇಕ ಚರ್ಚುಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುತ್ತದೆ. ಸಾಮಾನ್ಯವಾಗಿ ಅವು ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದ ಕಾಲುಗಳು. 2013ರ ಮಾರ್ಚ್‌ನಲ್ಲಿ, ಆಗಷ್ಟೇ ಪೋಪ್ ಆಗಿದ್ದ ಫ್ರಾನ್ಸಿಸ್, ರೋಮ್ ನಗರದ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಕಾಲು ತೊಳೆದರು. ಅವರಲ್ಲಿ ಮುಸಲ್ಮಾನರೂ ಇದ್ದರು. ಸಂಪ್ರದಾಯ ಬಲ್ಲ ಎಷ್ಟೋ ಕ್ರೈಸ್ತರು ಗಾಬರಿಯಾದರು. ನನಗಂತೂ ಆ ಬೋಗುಣಿ ಅಂದು ಸರಿಯಾದ ಕಾಲುಗಳ ಮುಂದೆಯೇ ಇತ್ತು ಅನಿಸಿತು.

ಅಷ್ಟು ದೂರ ಹೋಗುವುದೇಕೆ? ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ರೈಲು ಮಿರಜಿಗೆ ಹೋಗುತ್ತದೆ. ಈ ಭಾಗದಲ್ಲಿ ಯಾರಿಗೇ ಜಡ್ಡು ಜೋರಾದರೂ “ಮಿರಜಿಗೆ ಕರಕೊಂಡು ಹೋಗ್ರಿ” ಎನ್ನುವುದು ತಲೆಮಾರುಗಳ ಮಾತು. ಆ ಮಾತಿನ ಹಿಂದೆ ಒಬ್ಬ ಶಿಷ್ಯನಿದ್ದಾನೆ. ವಿಲಿಯಂ ಜೇಮ್ಸ್ ವಾನ್ಲೆಸ್, 1865ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ 1889ರಲ್ಲಿ ಇಲ್ಲಿಗೆ ಬಂದು, ಮೊದಲು ಸಾಂಗ್ಲಿಯಲ್ಲಿ ಸಣ್ಣದೊಂದು ಔಷಧಾಲಯ ನಡೆಸಿ, 1894ರಲ್ಲಿ ಮಿರಜಿನ ಆಸ್ಪತ್ರೆ ತೆರೆದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು, ಹೊಟ್ಟೆಯ ಗಡ್ಡೆ ಕೊಯ್ಸಿಕೊಳ್ಳಲು ಜನ ಬಂಡಿ ಕಟ್ಟಿಕೊಂಡು, ರೈಲು ಹತ್ತಿಕೊಂಡು ಬಂದರು. ಮರಾಠಿ ಮಾತಾಡುವವರೂ ಬಂದರು, ಕನ್ನಡ ಮಾತಾಡುವವರೂ ಬಂದರು. ಸಂಸ್ಥಾನಿಕರೂ ಬಂದರು, ಅವರ ಹೊಲದ ಆಳುಗಳೂ ಬಂದರು.

ವಾನ್ಲೆಸ್ ಎಷ್ಟು ಜನಕ್ಕೆ ಶಸ್ತ್ರಕ್ರಿಯೆ ಮಾಡಿದರು ಎನ್ನುವುದಕ್ಕಿಂತ, ಅವರು ಕಲಿಸಲು ಕೂತರು ಎನ್ನುವುದನ್ನು ನಾನು ದೊಡ್ಡದೆನ್ನುತ್ತೇನೆ. ಇಲ್ಲಿನ ಹುಡುಗರನ್ನೇ ವೈದ್ಯರನ್ನಾಗಿ, ಇಲ್ಲಿನ ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತಯಾರು ಮಾಡಿದರು. ರೋಗಿಯ ಹಾಸಿಗೆ ಬದಲಿಸುವುದು, ಕೀವು ಒರೆಸುವುದು, ಮಲದ ಪಾತ್ರೆ ಎತ್ತುವುದು ಮೇಲುಕೀಳಿನ ಲೆಕ್ಕದಲ್ಲಿ ತೀರ ತಳದ ಕೆಲಸ ಎನಿಸಿಕೊಂಡಿದ್ದ ಕಾಲ. ಅದನ್ನು ಕಲಿತವರ ವಿದ್ಯೆ ಎಂದು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಮನೆಯವರೇ ಹೊರಗಿಟ್ಟ ಕುಷ್ಠರೋಗಿಗಳಿಗೂ ಮಿರಜಿನಲ್ಲಿ ಆಸ್ಪತ್ರೆಯಾಯಿತು. 1928ರಲ್ಲಿ ಬ್ರಿಟಿಷ್ ಸರ್ಕಾರ ವಾನ್ಲೆಸ್‌ಗೆ ಸರ್ ಪದವಿ ಕೊಟ್ಟಿತು. ಜನ ಕೊಟ್ಟದ್ದು ವಾನ್ಲೆಸ್‌ವಾಡಿ ಎಂಬ ಊರ ಹೆಸರು.

ಆದರೆ ಶಿಷ್ಯತ್ವವನ್ನು ಡಾಕ್ಟರರಿಗೆ, ಮಿಷನರಿಗಳಿಗೆ ಒಪ್ಪಿಸಿ ಉಳಿದವರು ಕೈ ತೊಳೆದುಕೊಳ್ಳುವಂತಿಲ್ಲ. ಈ ಸೀಮೆಯಲ್ಲಿ ಸಭೆ ಕಟ್ಟಿದ್ದು ಹಳ್ಳಿಯ ಬಡವರು. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಕೆಲಸ ಆರಂಭಿಸಿದರು. 1904ರಲ್ಲಿ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಅವರು ಹಳ್ಳಿಗಳಿಗೆ ಹೋದಾಗ ಬಾಗಿಲು ತೆರೆದದ್ದು ಬಹುಮಟ್ಟಿಗೆ ಊರ ಹೊರಗಿನ ಕೇರಿಗಳು. ಬಾವಿಯ ನೀರು ಸೇದಲು ಬಿಡದವರ ನಡುವೆ ಬದುಕಿದವರಿಗೆ, ಶಿಷ್ಯರ ಕಾಲು ಮುಟ್ಟಿದ ಗುರುವಿನ ಕಥೆ ಹೇಗೆ ಕೇಳಿಸಿರಬೇಕು, ಯೋಚಿಸಿ. ಅದೇ ಕಾಲದಲ್ಲಿ ಮನುಷ್ಯನ ಘನತೆಯ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಎತ್ತಿದವರು ಡಾಕ್ಟರ್ ಅಂಬೇಡ್ಕರ್. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಸೇರಿದ ಬಹಿಷ್ಕೃತರ ಪರಿಷತ್ತಿಗೆ ಅವರೇ ಅಧ್ಯಕ್ಷರು. ಎರಡು ದಾರಿ ಹಿಡಿದ ಅಣ್ಣತಮ್ಮಂದಿರು ಇಂದಿಗೂ ಒಂದೇ ಕೇರಿಯಲ್ಲಿದ್ದಾರೆ.

ಕಾಲು ಎಂದಾಗ ಅಥಣಿಯ ಚಪ್ಪಲಿ ನೆನಪಾಗದೆ ಇರದು. ಜಗತ್ತು ಕೊಲ್ಹಾಪುರಿ ಎನ್ನುವ ಆ ಚಪ್ಪಲಿಯಲ್ಲಿ ಬಹಳಷ್ಟು ಹುಟ್ಟುವುದು ಅಥಣಿ, ನಿಪ್ಪಾಣಿ, ರಾಯಬಾಗದ ಸಮಗಾರ ಮನೆಗಳಲ್ಲಿ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಗಂಡಸು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾನೆ. ಹೆಂಗಸು ಕೂದಲಿನಷ್ಟು ಸಣ್ಣಗೆ ಸೀಳಿದ ತೊಗಲಿನ ಎಳೆಗಳನ್ನು ಜಡೆಯಾಗಿ ಹೆಣೆಯುತ್ತಾಳೆ. ಮೊಳೆ ಇಲ್ಲ, ತೊಗಲಿನ ದಾರದ್ದೇ ಹೊಲಿಗೆ. ಬಸವಣ್ಣನವರ ಪಾದಕ್ಕೆಂದು ತಮ್ಮ ತೊಡೆಯ ಚರ್ಮದಲ್ಲೇ ಪಾದರಕ್ಷೆ ಮಾಡಿದ ಹರಳಯ್ಯ, ಕಲ್ಯಾಣಮ್ಮ ಇದೇ ಕಸುಬಿನವರು. ಪರರ ಪಾದ ಕಾಯುವ ಈ ಕೈಗಳನ್ನು ಊರು ಮುಟ್ಟಿಸಿಕೊಳ್ಳದೆ ಇಟ್ಟಿತು. ನಮ್ಮ ಸಭೆಯ ಹಿರಿಯರು ನೆಲಕ್ಕೆ ಕೂತ ಗುರುವನ್ನು ಗುರುತಿಸಿದ್ದು ಇಂಥದೇ ಅವಮಾನ ಉಂಡ ಕಣ್ಣುಗಳಿಂದ.

ಹಾಗೆ ಗುರುತಿಸಿದ್ದಕ್ಕೆ ಬೆಲೆಯೂ ಉಂಟು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತ ಇಂದಿಗೂ ಹೊರಗೆ. ಕರ್ನಾಟಕದಲ್ಲಿ ಅವನಿಗೆ ಪ್ರವರ್ಗ ಒಂದರಲ್ಲಿ ಜಾಗವಿದೆ, ಆದರೆ ಅದು ಪರಿಶಿಷ್ಟ ಜಾತಿಯ ರಕ್ಷಣೆಗೆ ಸಮನಲ್ಲ. ಊರು ಮಾತ್ರ ಅವನ ಜಾತಿಯನ್ನು ಮರೆಯುವುದಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಭಾನುವಾರದ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಇನ್ನೊಂದು. ಇದನ್ನು ಕಪಟವೆಂದು ಬೈಯುವವರಿದ್ದಾರೆ. ಮಗಳ ವಿದ್ಯಾರ್ಥಿವೇತನಕ್ಕೂ ಮನದ ನಂಬಿಕೆಗೂ ನಡುವೆ ಸಿಕ್ಕಿಬಿದ್ದ ತಾಯಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಂಥ ಆಯ್ಕೆ ಮುಂದಿಡುವ ಕಾನೂನು ನ್ಯಾಯವಲ್ಲ ಎಂದೇ ನನ್ನ ನಂಬಿಕೆ.

ಹೊರಗಿನ ಅನ್ಯಾಯ ಹೇಳಿ ಒಳಗಿನದನ್ನು ಮುಚ್ಚಬಾರದು. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಲ್ಲಿ ಕುಡಿದವರೇ ಮದುವೆಯ ಮಾತು ಬಂದಾಗ ಹಳೆಯ ಜಾತಿ ವಿಚಾರಿಸುತ್ತಾರೆ. ಸಭೆಯ ಆಸ್ತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ನಂಬಿದರೆ ಸಾಲ ತೀರುತ್ತದೆ, ಕಾರು ಬರುತ್ತದೆ ಎಂಬ ಬೋಧನೆಗೆ ಜನ ತುಂಬುತ್ತಾರೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬೊನ್ಹಾಫರ್ 1937ರಲ್ಲಿ ಶಿಷ್ಯತ್ವದ ಮೇಲೊಂದು ಪುಸ್ತಕ ಬರೆದರು. ಏನನ್ನೂ ಬಿಟ್ಟುಕೊಡದೆ ಅಗ್ಗವಾಗಿ ಸಿಗುವ ಕೃಪೆಯೇ ಚರ್ಚಿಗೆ ಮಾರಕ ಎಂಬುದು ಅವರ ವಾದ. 1939ರಲ್ಲಿ ಅವರು ಸುರಕ್ಷಿತವಾಗಿ ಅಮೆರಿಕ ಸೇರಿದ್ದರು. ತನ್ನ ಜನ ಸಂಕಟದಲ್ಲಿರುವಾಗ ಇಲ್ಲಿರಲಾರೆ ಎಂದು ಕೆಲವೇ ವಾರಗಳಲ್ಲಿ ಹಿಂತಿರುಗಿದರು. 1945ರ ಏಪ್ರಿಲ್‌ನಲ್ಲಿ ಹಿಟ್ಲರನ ಆಡಳಿತ ಅವರನ್ನು ಗಲ್ಲಿಗೇರಿಸಿತು.

ನೆರೆಯವರ ನಂಬಿಕೆಯ ನಡುವೆ ಶಿಷ್ಯ ಹೇಗಿರಬೇಕು ಎಂಬುದಕ್ಕೆ ನಮ್ಮಲ್ಲೇ ಒಬ್ಬರಿದ್ದರು, ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಸಭೆಗಳಲ್ಲಿ ಬೋಧಕರಾಗಿದ್ದವರು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು, ಶರಣರ ವಚನಗಳನ್ನು ಸಂಪಾದಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಕ್ರಿಸ್ತನನ್ನು ಪ್ರೀತಿಸಲು ಬಸವಣ್ಣನನ್ನು ದೂರಬೇಕೆಂದು ಅವರಿಗೆಂದೂ ಅನಿಸಲಿಲ್ಲ.

ಈಗ ಇಂದಿನ ಮಾತು. ನಿಪ್ಪಾಣಿಯಲ್ಲಿ ಹೆಣ್ಣುಮಕ್ಕಳು ಮೊರದ ಮೇಲೆ ಎಲೆ, ತಂಬಾಕು ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಾರೆ. ಸಂಜೆ ಲೆಕ್ಕಕ್ಕೆ ಕೊಟ್ಟಾಗ ಇಷ್ಟು ಕೆಟ್ಟಿವೆ ಎಂದು ತೆಗೆದು ಆಚೆ ಹಾಕಿದರೆ ಅಷ್ಟು ಕೂಲಿ ಹೋಯಿತು. ಲೆಕ್ಕ ಮಾಡುವ ಕೈ ಕ್ರೈಸ್ತನದಾಗಿದ್ದರೆ, ಅವನ ಶಿಷ್ಯತ್ವಕ್ಕೆ ಸಾಕ್ಷಿ ಆ ಮೊರದ ಮುಂದೆಯೇ ಸಿಗಬೇಕು. ಭಾನುವಾರದ ಹಾಡು ಅದಕ್ಕೆ ಬದಲಿಯಾಗದು.

ಉಗಾರ, ಕಾಗವಾಡ, ಅಥಣಿ ಕಡೆ ಕಬ್ಬಿನ ಹಂಗಾಮು ಶುರುವಾದಾಗ ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಕಡಿಯುವವರ ಗುಂಪುಗಳು ಬರುತ್ತವೆ. ಹೊಲದ ಅಂಚಿಗೆ ರವದಿ ಹೊದಿಸಿದ ಗುಡಿಸಲು ಹಾಕುತ್ತಾರೆ. ಕತ್ತಲಿರುವಾಗಲೇ ಗಂಡಹೆಂಡತಿ ಕುಡುಗೋಲು ಹಿಡಿದು ಫಡಕ್ಕೆ ಇಳಿದರೆ, ದೊಡ್ಡ ಮಗು ಸಣ್ಣ ಮಗುವನ್ನು ನೋಡಿಕೊಂಡು ಗುಡಿಸಲ ಮುಂದೆ ಕೂರುತ್ತದೆ. ಕ್ರಿಸ್ಮಸ್ ಬರುವುದು ಈ ಹಂಗಾಮಿನ ನಟ್ಟನಡುವೆ. ನಮ್ಮ ಸಭೆಯ ಯುವಕರು ಮನೆಮನೆಗೆ ಹಾಡುತ್ತ ಹೋಗುವಾಗ ಆ ಗುಡಿಸಲುಗಳ ಪಕ್ಕದ ದಾರಿಯಲ್ಲೇ ಹಾಯುತ್ತಾರೆ. ಅಲ್ಲಿ ನಿಂತು ಕೇಕು ಹಂಚಿದರೆ ಒಳ್ಳೆಯದೇ. ಆದರೆ ಜನವರಿಯಲ್ಲಿ ಆ ಮಗುವನ್ನು ಹತ್ತಿರದ ಕನ್ನಡ ಶಾಲೆಗೋ ಮರಾಠಿ ಶಾಲೆಗೋ ಸೇರಿಸಿರೆಂದು ಮುಖ್ಯಾಧ್ಯಾಪಕರನ್ನು ಕೇಳಬೇಕು. ದೂರವಾದರೆ ಟೆಂಟ್ ಶಾಲೆಗಾಗಿ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯಬೇಕು, ಸಣ್ಣದಕ್ಕೆ ಅಂಗನವಾಡಿಯಲ್ಲಿ ಊಟ ಕೊಡಿಸಬೇಕು. ಇದಕ್ಕೆಲ್ಲ ನಾಲ್ಕಾರು ಸಲ ಕಚೇರಿಗೆ ಅಲೆಯಬೇಕಾಗುತ್ತದೆ. ಓದಿದ ಹುಡುಗರು ಸಭೆಯಲ್ಲಿದ್ದಾರೆ, ಅವರ ಬಳಿ ಮೋಟಾರ್ ಸೈಕಲ್ಲೂ ಇದೆ. ಈ ಹಂಗಾಮಿನಲ್ಲೇ ಅವರು ಹೊರಡಬಹುದು.