ಲಾರಿಗೆ ದಾರಿ ಬಿಡಿ, ನಂಬರು ಓದಿ



ಇವತ್ತು ಲಾರಿಗಳ ವಿಷಯ ಮಾತಾಡೋಣ. ನಮ್ಮ ಹೊಸೂರು, ಶೂಲಗಿರಿ ಕಡೆಯ ಊರುಗಳ ಮಗ್ಗುಲಲ್ಲೇ ಹೆದ್ದಾರಿ ಇದೆ. ಮೊದಲು ಅದರ ನಂಬರು 7. ಈಗ 44. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಸೇಲಂ ಮೇಲೆ ಕನ್ಯಾಕುಮಾರಿವರೆಗೂ ಹೋಗುತ್ತದೆ. ಹಗಲೂ ರಾತ್ರಿ ಲಾರಿ. ಹೂವು, ತರಕಾರಿ ಸಂತೆಗೆ ಒಯ್ಯಬೇಕು ಅಂದರೆ ನಾವೂ ಇದೇ ರಸ್ತೆಗೆ ಬರಬೇಕು.

ಲಾರಿ ಡ್ರೈವರುಗಳೆಲ್ಲ ಕೆಟ್ಟವರಲ್ಲ. ನಮ್ಮ ಹುಡುಗರೇ ಎಷ್ಟೋ ಜನ ಡ್ರೈವರು, ಕ್ಲೀನರು ಆಗಿದ್ದಾರೆ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಅಂತ 1961ರಲ್ಲೇ ಕಾನೂನು ಮಾಡಿದರು. ಆದರೆ ಲೋಡು ಬೇಗ ಮುಟ್ಟಿಸು ಅಂತ ಫೋನು ಬರುತ್ತಲೇ ಇರುತ್ತೆ. ನಿದ್ದೆಗೆಟ್ಟವನು ಓಡಿಸುತ್ತಾನೆ. ಕುಡಿದು ಓಡಿಸೋರೂ ಇದ್ದಾರೆ. ಅಂಥವನ ಮುಂದೆ ನಾವು ಏನು ಮಾಡಬೇಕು?

ಲಾರಿ ಮೈಗೆ ತಾಗಿಸಿಕೊಂಡ ಹಾಗೆ ಹೋದರೆ ಸಿಟ್ಟು ಬರೋದು ಸಹಜ. ಕೆಲವರು ಮೊಪೆಡ್‌ನಲ್ಲಿ ಅಟ್ಟಿಸಿಕೊಂಡು ಹೋಗಿ ಅಡ್ಡ ಹಾಕುತ್ತಾರೆ. ದಯವಿಟ್ಟು ಬೇಡ. ಆರು ಚಕ್ರದ ಲಾರಿ ಸರಕು ಸೇರಿ 18,500 ಕೆ.ಜಿ. ತೂಗಬಹುದು ಅಂತ ಕಾನೂನೇ ಒಪ್ಪಿದೆ. ಅಷ್ಟು ಭಾರ ಬ್ರೇಕು ಒತ್ತಿದ ಕೂಡಲೇ ನಿಲ್ಲೋದಿಲ್ಲ. ಇಳಿಜಾರಿನಲ್ಲಿ ಇನ್ನೂ ಕಷ್ಟ. ಧರ್ಮಪುರಿ ದಾಟಿ ಸೇಲಂ ಕಡೆ ಹೋದರೆ ತೊಪ್ಪೂರು ಘಾಟಿ ಸಿಗುತ್ತೆ. ಡೀಸೆಲ್ ಉಳಿಸೋಕೆ ಗೇರು ತೆಗೆದು ಇಳಿಸೋರು ಇದ್ದಾರೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ. ಬ್ರೇಕು ಕಾದು, ಹಿಡಿತ ತಪ್ಪುತ್ತೆ. ಆ ಘಾಟಿಯಲ್ಲಿ 2024ರ ಜನವರಿಯಲ್ಲೂ ಒಂದು ಲಾರಿ ಹಿಡಿತ ತಪ್ಪಿ ಮುಂದಿನ ಗಾಡಿಗಳಿಗೆ ಗುದ್ದಿ ಜನ ಸತ್ತರು. ಇಳಿಜಾರಿನಲ್ಲಿ ಲಾರಿಯ ಮುಂದೆ ಇರಬೇಡಿ. ಎಡಕ್ಕೆ ಸರಿದು ಅದನ್ನು ಕಳಿಸಿಬಿಡಿ.

ರಸ್ತೆ ದಾಟುವಾಗ ಒಂದು ಲೆಕ್ಕ ನೆನಪಿಡಿ. ನಮ್ಮ ಹೆದ್ದಾರಿಯ ಒಂದು ಕಡೆಯ ಭಾಗ ದಾಟೋಕೆ ಸುಮಾರು 9 ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ಓಡೋ ಲಾರಿ ಅಷ್ಟರಲ್ಲಿ 200 ಮೀಟರು ಬಂದಿರುತ್ತೆ. ಅಂದರೆ ಒಂದು ಫರ್ಲಾಂಗು! ಅದಕ್ಕಿಂತ ಹತ್ತಿರ ಲಾರಿ ಕಂಡರೆ ಕಾಲಿಡಬೇಡಿ. ಅಜ್ಜಿ, ಮಗು, ತಲೆ ಮೇಲೆ ಹೊರೆ ಇದ್ದರೆ ಇನ್ನೂ ದೂರ ಇರಬೇಕು.

ಲಾರಿಯ ಎಡ ಮಗ್ಗುಲು, ಮೂತಿಯ ಕೆಳಗೆ, ಹಿಂಭಾಗ ಈ ಮೂರೂ ಡ್ರೈವರಿಗೆ ಕಾಣೋದಿಲ್ಲ. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣೋದಿಲ್ಲ. ಎಡಗಡೆಯಿಂದ ನುಗ್ಗಬೇಡಿ. ಒಂದು ಕಿ.ಮೀ. ಸುತ್ತು ತಪ್ಪಿಸೋಕೆ ಎದುರು ದಿಕ್ಕಿನಲ್ಲಿ ಮೊಪೆಡ್ ಬಿಡೋರು ನಮ್ಮಲ್ಲೂ ಇದ್ದಾರಲ್ಲ, ಅವರಿಗೂ ಹೇಳಿ.

ಹಾಗಾದರೆ ಆ ಲಾರಿಯವನನ್ನು ಸುಮ್ಮನೆ ಬಿಡಬೇಕೇ? ಇಲ್ಲ. ನಂಬರು ಓದಿ. ಲಾರಿಗೆ ಹಳದಿ ಹಲಗೆ, ಕಪ್ಪು ಅಕ್ಷರ. ಮೊದಲು ರಾಜ್ಯದ ಎರಡು ಅಕ್ಷರ, ಟಿಎನ್, ಕೆಎ ಅಂತ. ಆಮೇಲೆ ಕಚೇರಿಯ ಅಂಕಿ. ಟಿಎನ್ 70 ಅಂದರೆ ಹೊಸೂರು. ಕೊನೆಯಲ್ಲಿ ನಾಲ್ಕು ಅಂಕಿ. ಅಕ್ಷರ ಇಂಗ್ಲಿಷ್‌ನಲ್ಲಿ ಇದ್ದರೂ ಅಂಕಿ ನೀವು ಇಲ್ಲಿ ಕಲಿತದ್ದೇ. ಎಲ್ಲ ಸಿಗದಿದ್ದರೆ ಕೊನೆಯ ನಾಲ್ಕು, ಲಾರಿಯ ಬಣ್ಣ, ಹೋದ ದಿಕ್ಕು ಇಷ್ಟಾದರೂ ಹಿಡಿದುಕೊಳ್ಳಿ. ಹಳದಿ ತಲೆಯ ಕಿಲೋಮೀಟರ್ ಕಲ್ಲು ನೋಡಿ ಜಾಗ ಹೇಳಿ. ಹೆದ್ದಾರಿಯ ಸಹಾಯಕ್ಕೆ 1033, ಪೊಲೀಸಿಗೆ 112, ಆಂಬ್ಯುಲೆನ್ಸಿಗೆ 108.

ಈ ನಂಬರಿನ ಬೆಲೆ ಎಷ್ಟು ಗೊತ್ತೇ? ಗುದ್ದಿದ ಲಾರಿ ಯಾವುದು ಅಂತ ಗೊತ್ತಾಗದಿದ್ದರೆ, ಸತ್ತವರ ಮನೆಗೆ ಸರ್ಕಾರದ ಯೋಜನೆಯಿಂದ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. 2022ರಿಂದ ಇಷ್ಟೇ. ನಂಬರು ಸಿಕ್ಕರೆ ಲಾರಿಯ ವಿಮೆಯ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು. ಸತ್ತವರ ವಯಸ್ಸು, ದುಡಿಮೆ, ನಂಬಿದ್ದ ಮಕ್ಕಳು ಎಷ್ಟು ಅಂತ ನೋಡಿ ಹಣ ನಿಗದಿ ಮಾಡುತ್ತಾರೆ. ಅರ್ಜಿ ಆರು ತಿಂಗಳೊಳಗೇ ಹಾಕಿ. ಪೊಲೀಸರು ಬರೆದುಕೊಂಡ ದೂರಿನ ನಕಲು ದುಡ್ಡಿಲ್ಲದೆ ಕೊಡಬೇಕು. ಅದು ತಮಿಳಲ್ಲಿ ಇರುತ್ತೆ. ತಮಿಳು ಬಲ್ಲವರಿಂದ ಓದಿಸಿ. ಲಾರಿ ನಂಬರು ಸರಿ ಇದೆಯೇ ಅಂತ ಮಾತ್ರ ನೀವೇ ಕಣ್ಣಿಟ್ಟು ನೋಡಿ.

ಇನ್ನೊಂದು ಮಾತು. ಡ್ರೈವರನ್ನು ಹಿಡಿದು ಹೊಡೆಯಬೇಡಿ. ಗಾಯವಾದವರಿಗೆ ಸಹಾಯ ಮಾಡೋದು, ಪೊಲೀಸಿಗೆ ತಿಳಿಸೋದು ಕಾನೂನಿನಲ್ಲಿ ಅವನ ಕೆಲಸ. ಹೊಡೆಯುತ್ತಾರೆ ಅಂತ ಹೆದರಿಯೇ ಎಷ್ಟೋ ಜನ ಗಾಡಿ ಸಮೇತ ಓಡಿಹೋಗುತ್ತಾರೆ. ಆಗ ನಂಬರೂ ಹೋಯಿತು.

ಬಿದ್ದವರನ್ನು ಎತ್ತಲು ಹೋದರೆ ಕೇಸು ನಮ್ಮ ತಲೆಗೆ ಬರುತ್ತೆ ಅಂತ ಹಿಂದೆ ಹೆದರುತ್ತಿದ್ದರು. 2019ರ ಕಾನೂನಿನ ಪ್ರಕಾರ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆ ಚಿಕಿತ್ಸೆಗೆ ದುಡ್ಡು ಕೇಳೋದಿಲ್ಲ. ಖಾಸಗಿ ಆಸ್ಪತ್ರೆಗಳೂ ಅದರಲ್ಲಿ ಇವೆ.

ಈಗ ಪುಸ್ತಕ ತೆಗೆಯಿರಿ. 1033, 108, 112 ಮೂರನ್ನೂ ದೊಡ್ಡದಾಗಿ ಬರೆಯಿರಿ. ಆಮೇಲೆ ಹೊರಗೆ ನಿಂತಿರೋ ಗಾಡಿಗಳ ನಂಬರು ಒಬ್ಬೊಬ್ಬರಾಗಿ ಓದೋಣ.