ನಮ್ಮನ್ನು ಬಲ್ಲವರು

ಉದ್ಯೋಗಕ್ಕಾಗಿ ಸಲ್ಲಿಸುವ ಎಷ್ಟೋ ಅರ್ಜಿಗಳ ಕೊನೆಯಲ್ಲಿ ಒಂದು ಕಲಮು ಇರುತ್ತದೆ: ನಿಮ್ಮನ್ನು ಬಲ್ಲ, ಆದರೆ ನಿಮ್ಮ ಬಂಧುಗಳಲ್ಲದ ಇಬ್ಬರ ಹೆಸರು, ವಿಳಾಸಗಳನ್ನು ತಿಳಿಸಿ. ಅಲ್ಲಿಯವರೆಗೆ ಎಲ್ಲವನ್ನೂ ಶ್ರದ್ಧೆಯಿಂದ ತುಂಬಿದ ತರುಣರು ಇಲ್ಲಿ ತಡೆದು, ತಮಗೆ ಗೊತ್ತಿರುವ ದೊಡ್ಡ ಮನುಷ್ಯರು ಯಾರೆಂದು ಹುಡುಕತೊಡಗುತ್ತಾರೆ. ಅಂಥ ಪರಿಚಯಗಳಿಲ್ಲದ ಮನೆಯಿಂದ ಬಂದವರು ಎದೆಗುಂದುತ್ತಾರೆ. ಅಧ್ಯಾಪಕನಾಗಿ ಇಂಥ ಪತ್ರಗಳನ್ನು ಬರೆದುಕೊಟ್ಟಿರುವ ನನಗೆ ಈ ಹುಡುಕಾಟವೇ ದಾರಿ ತಪ್ಪಿದ್ದೆಂದು ತೋರುತ್ತದೆ. ಅಲ್ಲಿ ಕೇಳಿರುವುದು ವಶೀಲಿಯನ್ನಲ್ಲ, ಸಾಕ್ಷ್ಯವನ್ನು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಉದಾಹರಣೆಯನ್ನು ನೋಡೋಣ. 1912ರ ಫೆಬ್ರವರಿಯಲ್ಲಿ ಅವರು ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತನ ಕೆಲಸಕ್ಕೆ ಅರ್ಜಿ ಹಾಕಿದರು. ಪದವಿಯಿರಲಿಲ್ಲ, ಎಫ್.ಎ. ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿರಲಿಲ್ಲ. ಅರ್ಜಿಯೊಡನೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಅವರ ಪತ್ರವಿತ್ತು. ಸಂಖ್ಯೆಗಳ ವಿಷಯದಲ್ಲಿ ಈ ತರುಣನ ಶಕ್ತಿ ಅಸಾಧಾರಣವಾದದ್ದು, ಲೆಕ್ಕ ಮಾಡುವುದರಲ್ಲಿ ಈತ ಬಹು ಚುರುಕು ಎಂಬುದು ಅದರ ಸಾರ. ಲೆಕ್ಕಪತ್ರದ ಗುಮಾಸ್ತನನ್ನು ನೇಮಿಸಿಕೊಳ್ಳುವ ಕಚೇರಿ ತಿಳಿಯಬೇಕಾದದ್ದೂ ಅದನ್ನೇ. ಮಾರ್ಚ್ 1ರಂದು, ತಿಂಗಳಿಗೆ 30 ರೂಪಾಯಿ ಸಂಬಳದ ಆ ಕೆಲಸ ಅವರದಾಯಿತು. ಹಿತೈಷಿಗಳ ಬೆಂಬಲವೂ ಅವರಿಗಿತ್ತು, ನಿಜ. ಆದರೆ ಪರೀಕ್ಷೆಯ ಅಂಕಗಳು ಹೇಳಲಾರದ್ದನ್ನು ಹೇಳಿದ್ದು ಆ ಕಾಗದ.

ಆದ್ದರಿಂದ ಹೆಸರು ಕೊಡುವಾಗ ನಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನೇ ಆರಿಸಬೇಕು. ಸಮಾರಂಭದಲ್ಲೊಮ್ಮೆ ಕೈಕುಲುಕಿದ ಮಂತ್ರಿಗಳಿಗಿಂತ, ಎರಡು ವರ್ಷ ಪ್ರಯೋಗಶಾಲೆಯಲ್ಲಿ ನಮ್ಮನ್ನು ನೋಡಿದ ಉಪನ್ಯಾಸಕರೂ, ರಜೆಯಲ್ಲಿ ನಮ್ಮಿಂದ ಲೆಕ್ಕ ಬರೆಸಿದ ಅಂಗಡಿಯ ಯಜಮಾನರೂ ಮೇಲು. ಅವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಹುದ್ದೆ ಯಾವುದು, ಅದರ ಹೊಣೆಯೇನು, ಸಂದರ್ಶನ ಯಾವಾಗ ಎಂಬುದನ್ನು ತಿಳಿಸಿ, ಅರ್ಜಿಯ ಪ್ರತಿಯೊಂದನ್ನು ಕೊಟ್ಟಿರಬೇಕು. ಸಂದರ್ಶನದಲ್ಲಿ ನಾವು ಆಡುವ ಮಾತಿಗೂ ಅವರು ಹೇಳುವ ಮಾತಿಗೂ ಆಗ ಹೊಂದಿಕೆಯಿರುತ್ತದೆ. ಫಲ ಏನೇ ಆಗಲಿ, ಅದನ್ನು ಅವರಿಗೆ ತಿಳಿಸುವುದು ಸೌಜನ್ಯ.

ಬರೆದುಕೊಡುವವರಿಗೂ ಹೊಣೆಯುಂಟು. ಸನ್ನಡತೆಯವನು, ಬುದ್ಧಿವಂತನು ಎಂಬ ಸಿದ್ಧವಾಕ್ಯ ಎಲ್ಲರಿಗೂ ಒಪ್ಪುತ್ತದೆ. ಹಾಗಾಗಿ ಯಾರಿಗೂ ಒದಗುವುದಿಲ್ಲ. ಕಂಡ ಒಂದು ಗುಣವನ್ನು, ಅದು ಕಂಡ ಸಂದರ್ಭದೊಡನೆ ಬರೆದರೆ ಸಾಕು. ಮನಸ್ಸೊಪ್ಪಿ ಬರೆಯಲಾಗದಿದ್ದರೆ ಮೊದಲೇ ಮೃದುವಾಗಿ ತಿಳಿಸಿಬಿಡಬೇಕು. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರಿಗೆ ಹಲವೊಮ್ಮೆ ಉಪಾಧ್ಯಾಯರ ಹೊರತು ಬೇರೆ ಸಾಕ್ಷಿಗಳಿರುವುದಿಲ್ಲ. ಅವರು ಬಂದು ಬಾಗಿಲಲ್ಲಿ ನಿಂತಾಗ, ಅರ್ಧ ಗಂಟೆ ಕುಳಿತು ಯೋಚಿಸಿ ಬರೆಯುವುದನ್ನು ನಾನು ಉಪಕಾರವೆಂದು ಎಣಿಸಲಾರೆ. ಅದು ಪಾಠ ಹೇಳುವ ಕೆಲಸದ ಕೊನೆಯ ಭಾಗ.